ಸೈನಿಕರಿಗೆ ರಿಯಾಯಿತಿ ಕೊಡ್ರಿ ಅಂದ್ರಿ, ಯಾರಿಗೆ ಅಂತ ಹೇಳಲಿಲ್ಲ: ನಮ್ಮ ಶಾಸಕರಿಗೊಂದು ಬಹಿರಂಗ ಪತ್ರ

ಶಾಸಕ ಸಾಹೇಬ್ರಿಗೆ ನಮಸ್ಕಾರ್ರಿ,

ನಾ ಬೆಳಗಾವಿ ಹತ್ರ ಹೈವೇ ಬಾಜೂಕ ಒಂದ್ ಖಾನಾವಳಿ ನಡಸಾಂವ. ಬಿಸಿ ಜ್ವಾಳದ ರೊಟ್ಟಿ, ಎಣಗಾಯಿ, ಝುಣಕ, ಶೇಂಗಾ ಹಿಂಡಿ, ಮೊಸರು, ಊಟಕ್ಕ 120 ರೂಪಾಯಿ. ನಿಮ್ಮ ಹಿಂದ ಅಡ್ಡಾಡೋ ಹುಡುಗೂರು ಎಲೆಕ್ಷನ್ ಟೈಮಿನ್ಯಾಗ ಭಾಳ ಸಲ ಉಂಡು ಹೋಗ್ಯಾರ, ಆ ಬಾಕಿ ಮಾತು ಇವತ್ತ ಬ್ಯಾಡ ಬಿಡ್ರಿ.

ಮೊನ್ನೆ ಆಗಸ್ಟ್ 15ರ ಭಾಷಣದಾಗ ನೀವು, ದೇಶ ಕಾಯೋ ಸೈನಿಕರಿಗೆ ನಮ್ಮ ಕಡೆ ಎಲ್ಲಾ ಹೋಟೆಲ್ನವರು ಅಂಗಡಿಯವರು ರಿಯಾಯಿತಿ ಕೊಡಬೇಕು ಅಂತ ಹೇಳಿದ್ರಿ. ಮಂದಿ ಚಪ್ಪಾಳಿ ಹೊಡದ್ರು, ನಾನೂ ಹೊಡದೆ. ನಿಮ್ಮ ಭಾಷಣಕ್ಕೂ ಮೊದಲ, ಆಪರೇಷನ್ ಸಿಂಧೂರ ಆದ ತಿಂಗಳದಾಗ, ನಾ "ಸೈನಿಕರಿಗೆ 10 ಪರ್ಸೆಂಟ್ ರಿಯಾಯಿತಿ" ಅಂತ ಬೋರ್ಡ್ ಹಚ್ಚೇನಿ. ನಮ್ಮ ಸಾಲಿನ್ಯಾಗ ಬಟ್ಟಿ ಅಂಗಡಿ, ಚಪ್ಪಲ್ ಅಂಗಡಿ, ಕಟಿಂಗ್ ಸಲೂನ್ ಎಲ್ಲಾರೂ ಹಚ್ಚಿದ್ರು. ಹಿಂಗಾಗಿ ಇದು ರೊಕ್ಕದ ತಕರಾರು ಅಲ್ರಿ. ಒಂದ್ ಊಟಕ್ಕ 12 ರೂಪಾಯಿ, ನನಗ ಅದು ದೊಡ್ಡ ಮಾತಲ್ಲ. ನನ್ನ ತಕರಾರು ಏನಂದ್ರ, ಆ ಬೋರ್ಡಿನ ಕೆಳಗ ಗಲ್ಲಾದ ಮ್ಯಾಲ ಕುಂತಾಂವ ನಾನು, ನೀವಲ್ಲ. ಯಾರು ಸೈನಿಕ ಯಾರಲ್ಲ ಅಂತ ದಿನಾ ತೀರ್ಪು ಕೊಡೋ ಕೆಲಸ ನನ್ನ ತಲಿಗೆ ಬಂದೈತಿ, ಅದು ನನ್ನ ಕೆಲಸ ಅಲ್ಲ.

ನಮ್ಮ ಬೆಳಗಾವಿ ಹೆಂಗೈತಿ ಅಂತ ನಿಮಗ ಹೇಳೋದು ಬ್ಯಾಡ. ಊರಾಗ ಮರಾಠಾ ಲೈಟ್ ಇನ್‌ಫಂಟ್ರಿ ಸೆಂಟರ್, ಸಾಂಬ್ರಾದಾಗ ಏರ್ ಫೋರ್ಸ್ ಟ್ರೇನಿಂಗ್ ಸ್ಕೂಲ್, ಖಾನಾಪುರ ಕಡೆ ಸಿಆರ್‌ಪಿಎಫ್‌ನವರ ಕಾಡಿನ ಯುದ್ಧ ಕಲಿಸೋ ಕೋಬ್ರಾ ಸ್ಕೂಲ್, ಹಾಲಭಾವಿ ಕಡೆ ಐಟಿಬಿಪಿ, ಅಂದ್ರ ಇಂಡೋ-ಟಿಬೆಟನ್ ಬಾರ್ಡರ್ ಪೊಲೀಸರ ಕ್ಯಾಂಪ್. ಮ್ಯಾಲ ಹಳ್ಳಿಹಳ್ಳಿಗೆ ಸೂಟಿ ಮ್ಯಾಲ ಬಂದಾವ್ರು, ರಿಟೈರ್ ಆಗಿ ಬ್ಯಾಂಕಿನ ಮುಂದ ಬಂದೂಕ ಹಿಡಕೊಂಡು ನಿಂತಾವ್ರು. ಮಧ್ಯಾಹ್ನ ಒಂದ್ ಗಂಟೆಕ್ಕ ನಮ್ಮಲ್ಲಿ ಬಂದು ನೋಡ್ರಿ, ಒಂದ ಟೇಬಲ್ಲಿಗೆ ಆರ್ಮಿಯಾಂವ, ಸಿಆರ್‌ಪಿಎಫ್‌ನಾಂವ, ಅಗ್ನಿವೀರ್ ಹುಡುಗ, ಹೋಂಗಾರ್ಡ್, ಎನ್‌ಸಿಸಿ ಕ್ಯಾಂಪ್ ಮುಗಿಸಿ ಬಂದ ಕಾಲೇಜ್ ಹುಡುಗೂರು, ಎಲ್ಲಾರೂ ಕುಂತಿರ್ತಾರ, ಎಲ್ಲಾರ ಕೂದ್ಲಾನೂ ಒಂದ ಕಟಿಂಗು. ಬಿಲ್ ಕೊಡೋ ಟೈಮಿಗೆ ಎಲ್ಲಾರೂ ಬೋರ್ಡ್ ನೋಡ್ತಾರ. ನಾ ಏನ್ ಮಾಡ್ಲಿ ಹೇಳ್ರಿ.

ಸರ್ಕಾರ ತಾ ಕೊಡೋ ರಿಯಾಯಿತಿಗೆ ಎಷ್ಟು ಚೊಕ್ಕ ಪಟ್ಟಿ ಇಟ್ಟೈತಿ ನೋಡ್ರಿ. ಕ್ಯಾಂಟೀನ್ ಅಂದ್ರ ಸಿಎಸ್‌ಡಿ, ಸೈನಿಕರಿಗೆ ಕಡಿಮಿ ರೇಟಿಗೆ ಸಾಮಾನು ಕೊಡೋ ಸರ್ಕಾರಿ ಅಂಗಡಿ, 1948ರಿಂದ ನಡದೈತಿ, ಜಿಎಸ್‌ಟಿ ಅರ್ಧ ಮಾಫಿ, ಆದ್ರ ಸ್ಮಾರ್ಟ್ ಕಾರ್ಡ್ ಇಲ್ದ ಸೋಪಿನ ತುಂಡೂ ಸಿಗೂದಿಲ್ಲ, ದಾರೂ ಬಾಟಲಿ ಕೋಟಾ ಅಂತೂ ರ‍್ಯಾಂಕ್ ನೋಡಿನ ಕೊಡ್ತಾರ. ಟೋಲ್ ನಾಕಾದಾಗ ಮಾಫಿ ಐತಿ, ಅದಕ್ಕ ಬ್ರಿಟಿಷರ ಕಾಲದ 1901ರ ಕಾಯ್ದೆ ಆಧಾರ, ಆದ್ರ ಅದು ಡ್ಯೂಟಿ ಮ್ಯಾಲಿದ್ದವರಿಗೆ ಅಷ್ಟ. ರಿಟೈರ್ ಆದಾವ್ರಿಗೆ ಇಲ್ಲ, ಪರಮವೀರ ಚಕ್ರದಿಂದ ಹಿಡದು ಶೌರ್ಯ ಚಕ್ರದ ತನಕ ಪದಕ ತಗೊಂಡಾವ್ರಿಗೆ ಕಾರ್ಡ್ ತೋರ್ಸಿದ್ರ ಐತಿ. ಇದು ಗೊತ್ತಿಲ್ದ ನಮ್ಮ ಹಳ್ಳಿ ಕಾಕಾಗೋಳು ಟೋಲ್ ಹುಡುಗರ ಜೋಡಿ ಜಗಳಾ ತಗದು ವಾಟ್ಸಾಪ್ ವಿಡಿಯೋ ಆಗ್ತಾರ, ಪಾಪ ಅವ್ರ ತಪ್ಪೂ ಅಲ್ಲ, ಕನ್ನಡದಾಗ ತಿಳಿಯೋ ಹಂಗ ಯಾರೂ ಅವ್ರಿಗೆ ಹೇಳಿಲ್ಲ.

ಅಂದ್ರ ಸರ್ಕಾರದ ರೊಕ್ಕ ಹೋಗೋ ಕಡೆ ಕಾರ್ಡು, ಕಾಯ್ದೆ, ಪಟ್ಟಿ. ನನ್ನ ರೊಕ್ಕ ಹೋಗೋ ಕಡೆ ಬರೇ ಭಾಷಣ.

ಈಗ ಯಾರಿಗೆ ಅನ್ನೋದಕ್ಕ ಬರೋಣ. ಮಾಜಿ ಸೈನಿಕ ಅಂದ್ರ ಯಾರು ಅಂತ ಕೇಂದ್ರ ಸರ್ಕಾರದ 1979ರ ನಿಯಮದಾಗ ಐತಿ, ಆಮ್ಯಾಲ ತಿದ್ದುಪಡಿನೂ ಆಗ್ಯಾವು. ನಮ್ಮ ಖಾಯಂ ಗಿರಾಕಿ, ರಿಟೈರ್ಡ್ ಸುಬೇದಾರ್ ಕಾಕಾರು ಒಬ್ರು ನನಗ ಕುಂದ್ರಿಸಿ ತಿಳಿಸಿ ಹೇಳಿದ್ರು. ಆರ್ಮಿ, ನೇವಿ, ಏರ್ ಫೋರ್ಸ್ ಈ ಮೂರರಾಗ ದುಡದು ಪೆನ್ಷನ್ ಮ್ಯಾಲ ಬಂದಾಂವ, ಡ್ಯೂಟಿಯಿಂದ ಆದ ಪೆಟ್ಟಿಗೋ ಜಡ್ಡಿಗೋ ಮೆಡಿಕಲ್ ಬೋರ್ಡ್ ಆಗಿ ಪೆನ್ಷನ್ ತಗೊಂಡು ಹೊರಗ ಬಂದಾಂವ, ಕರಾರಿನಷ್ಟು ವರ್ಷ ಮುಗಿಸಿ ಗ್ರಾಚ್ಯುಟಿ ತಗೊಂಡು ಬಂದಾಂವ, ಹೆಚ್ಚು ಕಮ್ಮಿ ಇವ್ರೆಲ್ಲಾ ಮಾಜಿ ಸೈನಿಕರು. ಪೆನ್ಷನ್ ಗಳಿಸೋ ಮೊದಲ ತಾನಾಗೇ ಬಿಟ್ಟು ಬಂದಾಂವ, ನಡತಿ ಸರಿ ಇಲ್ದ ಹೊರಗ ಹಾಕಿಸಿಕೊಂಡಾಂವ ಈ ಲೆಕ್ಕದಾಗ ಬರೂದಿಲ್ಲ. ಇಷ್ಟೆಲ್ಲಾ ಹೇಳಿದ ಕಾಕಾರು ಸ್ವತಃ ಒಂದ್ ದಿನಾನೂ ರಿಯಾಯಿತಿ ತಗೊಂಡಿಲ್ರಿ. ಪಗಾರ ತಗೊಂಡ ದುಡದೀವಿ, ಪೆನ್ಷನ್ ಬರ್ತೈತಿ, ನಿನ್ನ ಹನ್ನೆರಡು ರೂಪಾಯಿ ನೀ ಇಟಕೋ ಅಂತಾರ. ಇತ್ತ ಒಂದ್ ಸಲ ಯಾರೋ ಕರ್ನಲ್ ಸಾಹೇಬ್ರ ಅಳಿಯ ಅಂತ ಹೇಳಿಕೊಂಡು ಎರಡು ಇನ್ನೋವಾ ಮಂದಿ ಕರಕೊಂಡು ಬಂದಾಂವ, ಎಲ್ಲಾರ ಊಟದ ಮ್ಯಾಲೂ ಕಡಿಮಿ ಮಾಡು ಅಂತ ಅರ್ಧ ತಾಸು ನಿಂತ. ಕೇಳಾಕ ಧೈರ್ಯ ಇದ್ದಾವ್ರಿಗೆ ಸಿಗ್ತೈತಿ, ಬೇಕಾದಾವ್ರು ಕೇಳೂದಿಲ್ಲ, ಈ ಬೋರ್ಡ್ ಹಚ್ಚಿದಮ್ಯಾಲ ನಾ ಕಂಡಿದ್ದು ಇದನ್ನ.

ಸಿಆರ್‌ಪಿಎಫ್, ಬಿಎಸ್‌ಎಫ್‌ನವರ ಮಾತು ಬ್ಯಾರೆ. ಅವ್ರು ಹೋಂ ಮಿನಿಸ್ಟ್ರಿ ಕೆಳಗ ಬರ್ತಾರ, ರಕ್ಷಣಾ ಇಲಾಖೆ ಅಲ್ಲ, ಹಿಂಗಾಗಿ ಕಾಗದದ ಮ್ಯಾಲ ಅವ್ರು ಮಾಜಿ ಸೈನಿಕರಲ್ಲ. ಮಿಲಿಟ್ರಿ ಕ್ಯಾಂಟೀನ್ ಅವ್ರಿಗಿಲ್ಲ, 2006ರಾಗ ಅವ್ರಿಗೆ ಬ್ಯಾರೆ ಪೊಲೀಸ್ ಕ್ಯಾಂಟೀನ್ ಮಾಡ್ಯಾರ. 2004ರ ಜನವರಿ 1ರಿಂದ ಈಚೆ ಸೇರಿದಾವ್ರಿಗೆ ಹಳೇ ಪೆನ್ಷನ್ನೂ ಹೋಗಿ ಪಗಾರದಾಗ ಕಡದು ಕೂಡಿಸೋ ಎನ್‌ಪಿಎಸ್ ಬಂತು, ಆರ್ಮಿಯವ್ರಿಗೆ ಹಂಗಾಗಿಲ್ಲ. 2012ರ ನವೆಂಬರ್‌ದಾಗ ಹೋಂ ಮಿನಿಸ್ಟ್ರಿ ಒಂದ್ ಆದೇಶ ಮಾಡಿ ಇವ್ರಿಗೆ "ಎಕ್ಸ್ ಸಿಎಪಿಎಫ್", ಅಂದ್ರ ಕೇಂದ್ರ ಸಶಸ್ತ್ರ ಪೊಲೀಸ್ ಪಡೆಯ ಮಾಜಿ ಮಂದಿ ಅಂತ ಹೆಸರಿಟ್ಟು, ಮಾಜಿ ಸೈನಿಕರಿಗೆ ಕೊಡೋ ಸೌಲಭ್ಯ ಇವ್ರಿಗೂ ಕೊಡ್ರಿ ಅಂತ ರಾಜ್ಯಗಳಿಗೆ ಹೇಳ್ತು. ಆ ಹೆಸರು ನಮ್ಮ ಪ್ಯಾಟಿಗೆ ಇನ್ನೂ ಬಂದು ಮುಟ್ಟಿಲ್ರಿ. ಛತ್ತೀಸ್‌ಗಢದ ಕಾಡಿನ್ಯಾಗ ಇದ್ದು ಸೂಟಿ ಮ್ಯಾಲ ಬಂದ ಹುಡುಗ ಒಬ್ಬಾಂವ ಬಾಜೂಕಿನ ಬೂಟಿನ ಅಂಗಡಿಯಾಗ ಕಾರ್ಡ್ ತೋರ್ಸಿದ್ರ, ಇದು ಪೊಲೀಸ್ ಕಾರ್ಡ್ ಐತಿ, ಮಿಲಿಟ್ರಿದಲ್ಲ ಅಂದ್ರಂತ. ಅಂವ ನನ್ನ ಮುಂದ ಕುಂತು ರೊಟ್ಟಿ ಮುರಕೋತ ಇದನ್ನ ನಕ್ಕೋತ ಹೇಳಿದ, ನನಗ ನಗು ಬರಲಿಲ್ಲ. 2019ರ ಫೆಬ್ರವರಿ 14ಕ್ಕ ಪುಲ್ವಾಮಾದಾಗ ಹೋದ 40 ಮಂದಿ ಸಿಆರ್‌ಪಿಎಫ್‌ನವ್ರ, ಅದ್ರಾಗ ನಮ್ಮ ಮದ್ದೂರು ತಾಲೂಕಿನ ಗುಡಿಗೆರೆ ಗುರು ಇದ್ರು. ಅವ್ರ ಹೆಣ ಊರಿಗೆ ಬಂದಾಗ ಇಡೀ ಕರ್ನಾಟಕ ಅತ್ತೈತಿ, ಇಂವ ಆರ್ಮಿನೋ ಪೊಲೀಸೋ ಅಂತ ಆವತ್ತು ಯಾರೂ ಕೇಳಿಲ್ಲ. ಸತ್ತಾಗ ಸೈನಿಕ, ಬದುಕಿ ಬಂದು ಬೂಟ್ ತಗೊಳ್ಳಾಕ ಹೋದ್ರ ಪೊಲೀಸು, ಇದೆಂಥಾ ಲೆಕ್ಕಾ ಸಾಹೇಬ್ರ?

ಇನ್ನ ಅಗ್ನಿವೀರರು. ಇದನ್ನ ನೀವು ಸ್ವಲ್ಪ ಲಕ್ಷ್ಯ ಕೊಟ್ಟು ಓದಬೇಕು, ಯಾಕಂದ್ರ ನಿಮ್ಮ ಕ್ಷೇತ್ರದ ಎಷ್ಟೋ ಮನಿ ಹುಡುಗೂರು ಅದ್ರಾಗ ಅದಾರ, ಮುಂಜಾನೆ ನಾಕಕ್ಕ ಎದ್ದು ಹೈವೇ ಮ್ಯಾಲ ಓಡೋ ಹುಡುಗೂರನ್ನ ನೀವೂ ಗಾಡಿಯೊಳಗಿಂದ ನೋಡಿರ್ತೀರಿ. 2022ರ ಜೂನ್‌ದಾಗ ಸ್ಕೀಮ್ ಬಂತು, 4 ವರ್ಷದ ನೌಕರಿ, ನೂರಕ್ಕ ಹೆಚ್ಚಂದ್ರ 25 ಮಂದಿನ್ನ ಇಟಕೋತಾರ, ಉಳಿದಾವ್ರಿಗೆ ಸೇವಾ ನಿಧಿ ಅಂತ ಸುಮಾರು 11.71 ಲಕ್ಷ ಕೊಟ್ಟು ಮನಿಗೆ ಕಳಸ್ತಾರ. ಪೆನ್ಷನ್ ಇಲ್ಲ, ಗ್ರಾಚ್ಯುಟಿ ಇಲ್ಲ, ಮಾಜಿ ಸೈನಿಕರಿಗಿರೋ ಇಸಿಎಚ್‌ಎಸ್ ದವಾಖಾನಿ ಇಲ್ಲ, ಹೊರಗ ಬಂದಮ್ಯಾಲ ಕ್ಯಾಂಟೀನ್ ಇಲ್ಲ, ಮಾಜಿ ಸೈನಿಕ ಅನ್ನೋ ಹೆಸರೂ ಇಲ್ಲ ಅಂತ ಸ್ಕೀಮಿನ ಷರತ್ತಿನ್ಯಾಗ ಬರದಾರ. ಮೊದಲ್ನೇ ಬ್ಯಾಚ್ ಸೇರಿದ್ದು 2022ರ ಕೊನೀಗೆ, 2023ರ ಶುರುವಿಗೆ. ಅಂದ್ರ 2026 ಮುಗಿಯೋ ಹೊತ್ತಿಗೆ ಅವ್ರು ಊರಿಗೆ ಬರಾಕ ಹತ್ತತಾರ. ಸೂಟಿಗೆ ಬಂದಿದ್ದ ಒಬ್ಬ ಹುಡುಗ ನನ್ನ ಕೇಳಿದ, ಅಣ್ಣಾ ಈಗ ಐಡಿ ತೋರ್ಸಿದ್ರ ಹನ್ನೆರಡು ರೂಪಾಯಿ ಬಿಡ್ತಿ, ಮುಂದ ನಾ ಏನ್ ತೋರಿಸ್ಲಿ ಅಂತ. ನನ್ನ ಖಾನಾವಳಿಯಾಗ ಏನೂ ತೋರಿಸೋದು ಬ್ಯಾಡಪಾ ಅಂದೆ. ಆದ್ರ ಬ್ಯಾರೆ ಕಡೆ? ಲಡಾಖ್‌ದಾಗ ನಿಂತು ಬಂದ ಹುಡುಗ 25ನೇ ವಯಸ್ಸಿಗೆ ಕಾನೂನಿನ ಪ್ರಕಾರ ಸೈನಿಕನೂ ಅಲ್ಲ, ಮಾಜಿ ಸೈನಿಕನೂ ಅಲ್ಲ. ಅರೆಸೇನಾ ಪಡೆಯಾಗ ಅವ್ರಿಗೆ ಮೀಸಲಾತಿ ಇಟ್ಟಾರ ನಿಜ, ಆದ್ರ ನೌಕರಿ ಸಿಗದಾವ್ರ ಗತಿ ಏನು ಅನ್ನೋದು ನಿಮ್ಮ ಮುಂದಿನ ಭಾಷಣಕ್ಕ ವಿಷಯ ಆಗಬೇಕು.

ಕಾರ್ಡ್ ಕೇಳಿದ್ರ ಆತು ಅಂತ ನಿಮ್ಮ ಆಫೀಸಿನ ಹುಡುಗ ಅಂದ. ಅದೂ ಅಷ್ಟು ಸಸಾರ ಅಲ್ಲ. ಡ್ಯೂಟಿ ಮ್ಯಾಲಿದ್ದಾವ್ರ ಐಡಿ ಕಾರ್ಡನ್ನ ಸಿಕ್ಕಸಿಕ್ಕಾವ್ರ ಕೈಯಾಗ ಕೊಡೋದು, ಫೋಟೋ ಹೊಡಿಸೋದು ಸರಿ ಅಲ್ಲ, ಅವ್ರಿಗೂ ಅದ ಹೇಳಿರ್ತಾರ. ಹಳೇ ಗಾಡಿ ಮಾರೋ ಆ್ಯಪ್‌ನ್ಯಾಗ ಮಿಲಿಟ್ರಿ ಕಾರ್ಡಿನ ಫೋಟೋ ಕಳಿಸಿ, ನನಗ ಟ್ರಾನ್ಸ್‌ಫರ್ ಆಗೈತಿ ಬೈಕ್ ಕಡಿಮಿಗೆ ಕೊಡ್ತೀನಿ ಅಂತ ಹೇಳಿ ಅಡ್ವಾನ್ಸ್ ನುಂಗೋ ಕಳ್ಳರು ಎಷ್ಟು ಮಂದಿಗೆ ಟೋಪಿ ಹಾಕ್ಯಾರ ಅಂತ ಸೈಬರ್ ಪೊಲೀಸರನ್ನ ಕೇಳ್ರಿ. ಆ ಫೋಟೋ ಎಲ್ಲಿಂದ ಬರ್ತಾವು? ಡಿಸ್ಕೌಂಟ್ ಬೇಕಂದ್ರ ವಾಟ್ಸಾಪ್‌ಗೆ ಕಾರ್ಡ್ ಕಳಸ್ರಿ ಅಂತ ಅಂಗಡಿಯವ್ರು ಕೇಳಾಕ ಹತ್ತಿದ್ರ ಅಂಥಾವ್ರಿಗೆ ಇನ್ನಷ್ಟು ಮಾಲು ಸಿಗ್ತೈತಿ. ಹಂಗಂತ ಬಟ್ಟಿ ನೋಡಿ ಕೊಡೋಣು ಅಂದ್ರ, ಆರ್ಮಿ ಚಿತ್ತಾರದ ಪ್ಯಾಂಟು ಸಂತಿಯಾಗ ರಾಶಿ ಹಾಕಿ ಮಾರ್ತಾರ. ಸೈನಿಕ ಅಂತ ನಂಬಿಸಾಕ ಯೂನಿಫಾರ್ಮ್ ಹಾಕೊಂಡ್ರ ಮೂರು ತಿಂಗಳ ತನಕ ಜೈಲು ಐತಿ ಅಂತ ಗೊತ್ತಿದ್ದಾವ್ರು ಎಷ್ಟು ಮಂದಿ?

ಅಮೇರಿಕಾದಾಗ ನಮ್ಮಕ್ಕನ ಮಗ ಅದಾನ. ಅಲ್ಲಿ ನವೆಂಬರ್ 11ಕ್ಕ ವೆಟರನ್ಸ್ ಡೇ, ದೊಡ್ಡ ದೊಡ್ಡ ಹೋಟೆಲ್ ಚೈನ್‌ನವ್ರು ಆವತ್ತು ಪುಕ್ಕಟ ಊಟ ಹಾಕ್ತಾರಂತ. ಅಲ್ಲೂ ಯಾರಿಗೆ ಅನ್ನೋ ಜಗಳ ತಪ್ಪಿಲ್ಲ, ಆದ್ರ ಡ್ರೈವಿಂಗ್ ಲೈಸೆನ್ಸ್ ಮ್ಯಾಲ ವೆಟರನ್ ಅಂತ ಬರೆಸಿಕೊಳ್ಳಾಕ ಬರ್ತೈತಿ, ಲೈಸೆನ್ಸ್ ತೋರ್ಸಿದ್ರ ಮುಗೀತು, ಮಿಲಿಟ್ರಿ ಕಾರ್ಡ್ ಹೊರಗ ತಗಿಯೋದ ಬ್ಯಾಡ. ಅಷ್ಟು ದೂರ ಯಾಕ್ರಿ, 2023ರ ಜೂನ್‌ದಾಗ ಶಕ್ತಿ ಯೋಜನೆ ಬಂದಾಗ ಯಾರಿಗೆ ಪುಕ್ಕಟ, ಏನ್ ತೋರಿಸಬೇಕು ಅಂತ ಸರ್ಕಾರನ ಹೇಳ್ತು, ಕಂಡಕ್ಟರ್ ತನ್ನ ಮನಸಿಗೆ ಬಂದಂಗ ತೀರ್ಮಾನ ಮಾಡ್ಲಿಲ್ಲ. ನಮಗೂ ಅಷ್ಟ ಬೇಕಾಗಿರೋದು.

ಹಿಂಗಾಗಿ ನನ್ನ ಬೇಡಿಕಿ ಕೇಳ್ರಿ. ಜಿಲ್ಲಾ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯವ್ರಿಗೆ ಹೇಳಿ ಒಂದ್ ಹಾಳಿ ಮ್ಯಾಲ, ಕನ್ನಡದಾಗ, ಯಾವ ಯಾವ ಕಾರ್ಡ್ ಯಾರಿಗೆ ಯಾರು ಕೊಡ್ತಾರ, ಮಾಜಿ ಸೈನಿಕರ ಕಾರ್ಡ್ ಹೆಂಗಿರ್ತೈತಿ, ಸೈನಿಕರ ಹೆಂಡಂದ್ರಿಗೆ, ಗಂಡ ಹೋದಾವ್ರಿಗೆ ಕಾರ್ಡ್ ಹೆಂಗ ಸಿಗ್ತೈತಿ, ಸಿಆರ್‌ಪಿಎಫ್, ಬಿಎಸ್‌ಎಫ್‌ನವ್ರಿಗೆ ಯಾವ್ದು ಅಂತ ಬರಸಿ ಅಂಗಡಿಗೊಂದು ಕೊಡಸ್ರಿ. ಅದಕ್ಕ ರೊಕ್ಕ ಖರ್ಚಿಲ್ಲ. ಫೋಟೋ ತಗಿಬ್ಯಾಡ್ರಿ, ಜೆರಾಕ್ಸ್ ಕೇಳಬ್ಯಾಡ್ರಿ, ಕಣ್ಣಿಲೆ ನೋಡಿ ವಾಪಸ್ ಕೊಡ್ರಿ ಅಂತ ಅದ್ರಾಗ ದಪ್ಪ ಅಕ್ಷರದಾಗ ಇರ್ಲಿ.

ವಿಧವೆಯರ ಮಾತು ಬಂತಲ್ಲ, ಅಲ್ಲಿ ಸ್ವಲ್ಪ ನಿಲ್ರಿ. ನಮ್ಮಲ್ಲಿ ರೊಟ್ಟಿ ಬಡಿಯೋ ಅಕ್ಕಾರೊಬ್ರ ಗಂಡ ಹವಾಲ್ದಾರ ಇದ್ದು ತೀರಿಕೊಂಡಾನ. ಅವ್ರು ಬೋರ್ಡಿನ ಕೆಳಗ ದಿನಾ ಕೆಲಸ ಮಾಡ್ತಾರ, ಒಂದ್ ದಿನ ಮಗಳಿಗೆ ಡ್ರೆಸ್ ತರಾಕ ಬಾಜೂ ಅಂಗಡಿಗೆ ಹೊಂಟಾಗ, ಅಲ್ಲೂ ಬೋರ್ಡ್ ಐತಿ ಕೇಳವ್ವಾ ಅಂದೆ. ಅದು ಅವ್ರಿಗೆ ಅಲ್ಲೇನ್ರಿ, ನಾ ಏನ್ ಯುದ್ಧ ಮಾಡೇನಿ ಅಂದ್ರು. ನಾ ಆವತ್ತ ನಮ್ಮ ಬೋರ್ಡಿಗೆ "ಮತ್ತು ಅವರ ಮನಿಯವರಿಗೆ" ಅಂತ ಸೇರಿಸಿದೆ. ಅದಾದಮ್ಯಾಲ ಕರ್ನಲ್ ಅಳಿಯಂದ್ರ ಹಾವಳಿ ಇನ್ನೂ ಹೆಚ್ಚಾಗೇತಿ ಅನ್ನೋದು ಬ್ಯಾರೆ ಮಾತು.

ಎರಡ್ನೇದು ವಿಧಾನಸಭಾದ್ದು. ಚಳಿಗಾಲದ ಅಧಿವೇಶನ ಇಲ್ಲೇ ನಮ್ಮ ಸುವರ್ಣ ವಿಧಾನಸೌಧದಾಗ ಆಗ್ತೈತಿ, ನಿಮಗ ಬೆಂಗಳೂರಿಗೆ ಹೋಗೋ ತ್ರಾಸೂ ಇಲ್ಲ. ಅಲ್ಲಿ ಎದ್ದು ಎರಡು ಪ್ರಶ್ನೆ ಕೇಳ್ರಿ. 2012ರ ಆ ಆದೇಶದ ಪ್ರಕಾರ ನಮ್ಮ ರಾಜ್ಯ ಎಕ್ಸ್ ಸಿಎಪಿಎಫ್‌ನವ್ರಿಗೆ ಏನೇನ್ ಕೊಟ್ಟೈತಿ, ಲಿಖಿತದಾಗ ಉತ್ತರ ತಗೋರಿ. 4 ವರ್ಷ ಮುಗಿಸಿ ಬರೋ ಅಗ್ನಿವೀರರನ್ನ ರಾಜ್ಯದ ಸೌಲಭ್ಯಕ್ಕ ಮಾಜಿ ಸೈನಿಕರಂಗ ನೋಡ್ತೀರೋ ಇಲ್ಲೋ, ಹೌದೋ ಅಲ್ಲೋ ಅಂತ ಕೇಳ್ರಿ. ಕೇಂದ್ರದ ಸ್ಕೀಮ್ ಅಂತ ಜಾರಿಕೋಬ್ಯಾಡ್ರಿ. ಕೇಂದ್ರ ಕಾರ್ಡ್ ಕೊಡದಿದ್ರ ರಾಜ್ಯ ಒಂದ್ ಕಾರ್ಡ್ ಮಾಡಿಸಾಕ ಯಾರೂ ಬ್ಯಾಡ ಅಂದಿಲ್ಲ.

ಮತ್ತ ಒಂದ್ ಮಾತು ನೆಟ್ಟಗ ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಹೋಟೆಲ್ನವ್ರು ಹನ್ನೆರಡು ರೂಪಾಯಿ ಬಿಟ್ರ ಅದು ಪ್ರೀತಿ. ಅದನ್ನ ನೀವು ಸ್ಟೇಜ್ ಮ್ಯಾಲಿಂದ ಹುಕುಂ ಮಾಡಿ ಸರ್ಕಾರದ ಗೌರವದ ಲೆಕ್ಕದಾಗ ಬರಕೊಂಡ್ರ ಅದು ಸರಿ ಅಲ್ಲ. ಮಾಜಿ ಸೈನಿಕ ಒಬ್ಬಾಂವ ಜಮೀನಿನ ಕಾಗದ ಹಿಡಕೊಂಡು ಒಂದ್ ಸಹಿಗೆ ಕಚೇರಿ ಕಚೇರಿ ತಿರಗೋದು ನಿಂತ್ರ, ಅದ್ರ ಮುಂದ ನನ್ನ ಹತ್ತು ಪರ್ಸೆಂಟ್ ಯಾವ ಲೆಕ್ಕ? ಅವ್ರು ಹಂಗ ತಿರಗೋವಾಗ ನಡುವ ಊಟಕ್ಕ ನಮ್ಮಲ್ಲೇ ಬರ್ತಾರ, ಹಿಂಗಾಗಿ ನನಗ ಗೊತ್ತು.

ಈ ಪತ್ರದ ಒಂದ್ ಪ್ರತಿ ನಿಮ್ಮ ಪಿಎ ಕೈಯಾಗ ಕೊಟ್ಟು ಸಹಿ ತಗೊಂಡೇನಿ. ಡಿಸೆಂಬರ್ 7ಕ್ಕ ಸಶಸ್ತ್ರ ಪಡೆಗಳ ಧ್ವಜ ದಿನ ಬರ್ತೈತಿ, ಆವತ್ತು ನಿಮ್ಮ ಅಂಗಿಗೆ ಧ್ವಜ ಹಚ್ಚೋ ಮೊದಲ ಆ ಒಂದ್ ಹಾಳಿ ಪಟ್ಟಿ ನಮ್ಮ ಅಂಗಡಿಗೋಳಿಗೆ ಬರ್ಲಿ. ಅದನ್ನ ಅಂಟಸಾಕ ಜಾಗಾ ಖಾಲಿ ಇಟ್ಟೇನಿ.

ಇಂತಿ ನಿಮ್ಮ ಕ್ಷೇತ್ರದ ಮತದಾರ,
ಹೈವೇ ಬಾಜೂಕಿನ ಖಾನಾವಳಿಯಾಂವ