ಸಂಜೆ ಓದುವವರಿಗೂ ದಾರಿ ಇರಲಿ

ಮಾನ್ಯ ಸಂಪಾದಕರೇ,

ದಾವಣಗೆರೆಯ ಮಂಡಕ್ಕಿ ಭಟ್ಟಿಯೊಂದರಲ್ಲಿ 14 ವರ್ಷದಿಂದ ಲೆಕ್ಕ ಬರೆಯುತ್ತಿದ್ದೇನೆ. ಮೈಸೂರಿನ ಮುಕ್ತ ವಿಶ್ವವಿದ್ಯಾಲಯದಿಂದ ಇತಿಹಾಸ ಎಂ.ಎ. ಮಾಡಿದ್ದೂ ಈ ಕೆಲಸದ ಜೊತೆಗೇ. ರಾತ್ರಿ ಪುಸ್ತಕ ಬಿಚ್ಚಿದರೆ ಹಾಳೆಗಳ ನಡುವಿಂದ ಭಟ್ಟಿಯ ಬೂದಿ ಉದುರುತ್ತಿತ್ತು. ಮೊನ್ನೆ ಒಂದು ಸಂದರ್ಶನದಲ್ಲಿ ‘ಓ, ಕರೆಸ್ಪಾಂಡೆನ್ಸಾ?’ ಎಂದು ಅಂಕಪಟ್ಟಿಯನ್ನು ಪಕ್ಕಕ್ಕೆ ಸರಿಸಿದರು. ತುಂಬಾ ನೋವಾಯಿತು. ಮಾನ್ಯತೆ ಇರುವ ಸಂಸ್ಥೆಯ ದೂರಶಿಕ್ಷಣ ಪದವಿ ರೆಗ್ಯುಲರ್‌ಗೆ ಸಮ ಎಂದು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2022ರಲ್ಲೇ ಹೇಳಿದೆಯಲ್ವಾ?

ಅಮೆರಿಕದ ಹಾರ್ವರ್ಡ್ 1910ರಲ್ಲೇ ದುಡಿಯುವವರಿಗಾಗಿ ಎಕ್ಸ್‌ಟೆನ್ಷನ್ ತರಗತಿ ತೆರೆಯಿತು. ಅಲ್ಲಿ ಮೊದಲು ಕೆಲವು ಕೋರ್ಸ್ ಓದಿ ಒಳ್ಳೆ ಗ್ರೇಡ್ ತೆಗೆಯಬೇಕು, ಆಮೇಲೆ ಪದವಿಗೆ ಪ್ರವೇಶ. ಈ ಪದ್ಧತಿ ನನಗೆ ತುಂಬಾ ಹಿಡಿಸಿತು. ಇನ್ನು ಅಮೆರಿಕದ್ದೇ ಆದ ವೆಸ್ಲಿಯನ್ ವಿಶ್ವವಿದ್ಯಾಲಯ 1953ರಲ್ಲಿ ಶುರು ಮಾಡಿದ ಲಿಬರಲ್ ಸ್ಟಡೀಸ್ ಸ್ನಾತಕೋತ್ತರ ಪದವಿ ಬೇರೆ ಥರ. ಸಾಹಿತ್ಯ, ಇತಿಹಾಸ, ವಿಜ್ಞಾನ ಎಲ್ಲವನ್ನೂ ಸೇರಿಸಿ ಓದಲು ಅದು ಅವಕಾಶ ಕೊಟ್ಟಿತು.

ನಮಗೆ ಎರಡೂ ಬೇಕು: ದುಡಿಯುವವರಿಗೆ ಹೊಂದುವ ತರಗತಿ, ಜೊತೆಗೆ ಮಿಶ್ರ ವಿಷಯಗಳ ಓದು. ಮಿಶ್ರ ಓದು ಏಕೆ ಅಂದರೆ, ಚಿತ್ರದುರ್ಗದ ಕೋಟೆಯನ್ನೇ ನೋಡಿ. ಗೋಪಾಲಸ್ವಾಮಿ ಹೊಂಡ ತುಂಬಿದರೆ ನೀರು ಅಕ್ಕ-ತಂಗಿ ಹೊಂಡಕ್ಕೆ ಇಳಿಯುತ್ತದೆ. ಅದನ್ನು ತಿಳಿಯಲು ಪಾಳೆಯಗಾರರ ಇತಿಹಾಸ ಸಾಲದು, ಕಲ್ಲು, ಮಳೆ, ಇಳಿಜಾರಿನ ಲೆಕ್ಕವೂ ಬೇಕು. ನನ್ನ ಸಿಲೆಬಸ್‌ನಲ್ಲಿ ಅದಕ್ಕೆ ಜಾಗವೇ ಇರಲಿಲ್ಲ.

ದಾವಣಗೆರೆ ವಿಶ್ವವಿದ್ಯಾಲಯ ಊರೊಳಗೇ ಸಂಜೆ ಆರರ ಮೇಲೆ ಇಂಥ ಮಿಶ್ರ ವಿಷಯಗಳ ಎಂ.ಎ. ತೆರೆಯಲಿ. ವಿಶ್ವವಿದ್ಯಾಲಯದ ಕ್ಯಾಂಪಸ್ ಇರುವ ತೋಳಹುಣಸೆಗೆ ಹಗಲು ಹೋಗಿಬರುವುದು ನನ್ನಂಥವರಿಗೆ ಆಗದ ಮಾತು. ಮೊದಲ ದಿನವೇ ಅರ್ಜಿ ಹಾಕುತ್ತೇನೆ.

– ಮಂಡಕ್ಕಿ ಭಟ್ಟಿಯ ಲೆಕ್ಕದಾಕೆ, ದಾವಣಗೆರೆ