ಆ ಮೂರು ತಿಂಗಳು: ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟಿ,

ಮೊನ್ನೆ ಫೋನಿನಲ್ಲಿ ಆ ಬಾಕ್ಸರ್ ಆಂಡಿ ರೂಯಿಜ್ ವಿಷಯ ಬಂದಾಗ ನೀನು ಒಂದೇ ಮಾತಿನಲ್ಲಿ ಮುಗಿಸಿಬಿಟ್ಟೆ. "ದುಡ್ಡು ಬಂತು, ತಲೆ ತಿರುಗಿತು, ಬೆಲ್ಟ್ ಹೋಯ್ತು, ಅಷ್ಟೇ ಅಮ್ಮ." ಅಷ್ಟೇ ಅಲ್ಲ ಕಣೇ. ನಿಮ್ಮಪ್ಪ ಟಿವಿಯಲ್ಲಿ ಬಾಕ್ಸಿಂಗ್ ಕಂಡರೆ ಎದ್ದು ಒಳಗೆ ಹೋಗುತ್ತಾರೆ, ಹಾಗಾಗಿ ಇದನ್ನೆಲ್ಲ ಹೇಳಿಕೊಳ್ಳೋಕೆ ನನಗೆ ನೀನೊಬ್ಬಳೇ ಗತಿ.

ಅವನಿಗೆ ಆ ಅವಕಾಶ ಸಿಕ್ಕಿದ್ದು ಹೇಗೆ ಗೊತ್ತಾ? ಆಗಿನ ಹೆವಿವೇಟ್ ಚಾಂಪಿಯನ್ ಆಂಟನಿ ಜೋಶುವಾ ಎದುರು ರಿಂಗಿಗೆ ಇಳಿಯಬೇಕಿದ್ದವನು ಜರೆಲ್ ಮಿಲ್ಲರ್. ಅವನು ಡೋಪಿಂಗ್ ಪರೀಕ್ಷೆಯಲ್ಲಿ ಸಿಕ್ಕಿಬಿದ್ದ. ರೂಯಿಜ್ ಸುಮ್ನೆ ಕೂರಲಿಲ್ಲ, ಜೋಶುವಾನ ಪ್ರೊಮೋಟರಿಗೆ, ಅಂದರೆ ಪಂದ್ಯ ಏರ್ಪಡಿಸೋರಿಗೆ, ತಾನೇ ಇನ್‌ಸ್ಟಾಗ್ರಾಮಿನಲ್ಲಿ ಮೆಸೇಜ್ ಹಾಕಿ ನನಗೆ ಕೊಡಿ ಅಂತ ಕೇಳಿದ. 2019ರ ಏಪ್ರಿಲ್ 20ಕ್ಕೆ ಒಂದು ಪಂದ್ಯ ಗೆದ್ದಿದ್ದ, ಜೂನ್ 1ಕ್ಕೆ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಜೋಶುವಾ. ನಡುವೆ ಆರೇ ವಾರ. ಮೈ ಆರೋಕೆ ಮುಂಚೆನೇ ಮತ್ತೆ ರಿಂಗಿಗೆ ಬಂದ ಹಾಗೆ.

ಮೂರನೇ ಸುತ್ತಲ್ಲಿ ಮೊದಲು ಬಿದ್ದವನು ರೂಯಿಜ್. ಎದ್ದ. ಜೋಶುವಾ ಮುಗಿಸಿಬಿಡೋಣ ಅಂತ ನುಗ್ಗಿ ಬಂದಾಗ ಎಡಗೈಯಿಂದ ಕಪಾಳದ ಮೇಲ್ಗಡೆ ಒಂದು ಕೊಟ್ಟ ನೋಡು, ಅಷ್ಟು ಎತ್ತರದ ಮನುಷ್ಯನ ಕಾಲು ಅವನ ಮಾತೇ ಕೇಳಲಿಲ್ಲ. ಅದೇ ಸುತ್ತಲ್ಲಿ ಎರಡು ಸಲ ಬಿದ್ದ, ಏಳನೇ ಸುತ್ತಲ್ಲಿ ಮತ್ತೆರಡು ಸಲ. ಕೊನೆಗೆ ಮೂಲೆಯಲ್ಲಿ ಹಗ್ಗದ ಮೇಲೆ ಕೈ ಚಾಚಿ ಒರಗಿ ನಿಂತಿದ್ದ, ರೆಫರಿ ಸಾಕು ಅಂತ ಕೈ ಬೀಸಿಬಿಟ್ಟ. ನಾನು ಕಿರುಚಿದ್ದಕ್ಕೆ ನಿಮ್ಮಪ್ಪ ಒಳಗಿಂದ ಓಡಿ ಬಂದರು.

ಮೆಕ್ಸಿಕನ್ ಮೂಲದ ಮೊದಲ ಹೆವಿವೇಟ್ ಚಾಂಪಿಯನ್, ವಯಸ್ಸು 29. ರೋಲ್ಸ್ ರಾಯ್ಸ್ ಕೊಂಡ, ದೊಡ್ಡ ಮನೆ ಕೊಂಡ. ಎಲ್ಲರೂ ಆ ಕಾರಿನ ಬಗ್ಗೆನೇ ಮಾತಾಡ್ತಾರೆ. ನನಗೇನೋ ಕಾರು ತಪ್ಪು ಅನ್ನಿಸಲಿಲ್ಲ. ಬಾಕ್ಸರಿಗೆ ತಿಂಗಳ ಸಂಬಳ ಅಂತ ಇರಲ್ಲ, ಪಂದ್ಯ ಇದ್ದರೆ ದುಡ್ಡು. ಅದರಲ್ಲೂ ಟ್ರೇನರಿಗೆ ಸಾಮಾನ್ಯವಾಗಿ ನೂರಕ್ಕೆ 10, ಮ್ಯಾನೇಜರಿಗೆ ಅದಕ್ಕಿಂತ ಜಾಸ್ತಿ, ತೆರಿಗೆ ಬೇರೆ. ಅಷ್ಟು ವರ್ಷ ಏಟು ತಿಂದವನು ಒಂದು ಕಾರು ಕೊಂಡರೆ ಕೊಳ್ಳಲಿ ಬಿಡು.

ಅವನು ಕಳೆದುಕೊಂಡದ್ದು ದಿನಗಳನ್ನ. ಮರುಪಂದ್ಯ ಆಗಲೇಬೇಕು ಅಂತ ಕರಾರಿನಲ್ಲೇ ಇತ್ತು, ಅದು ಡಿಸೆಂಬರ್ 7ಕ್ಕೆ ಸೌದಿ ಅರೇಬಿಯಾದಲ್ಲಿ ಅಂತ ಆಯ್ತು. ಆರು ತಿಂಗಳಿಗಿಂತ ಜಾಸ್ತಿ ಟೈಮು ಇತ್ತು. ಅದರಲ್ಲಿ ಮೂರು ತಿಂಗಳು ಪಾರ್ಟಿಯಲ್ಲೇ ಕಳೆದೆ ಅಂತ ಸೋತ ಮೇಲೆ ಅವನೇ ಒಪ್ಪಿಕೊಂಡ. ಮೊದಲ ಸಲ 268 ಪೌಂಡ್ ಇದ್ದವನು ಈ ಸಲ 283.5, ಅಂದರೆ ಏಳು ಕೆಜಿ ಜಾಸ್ತಿ. ಜೋಶುವಾ ಹತ್ತು ಪೌಂಡ್ ಇಳಿಸಿಕೊಂಡು ಬಂದಿದ್ದ. ಹತ್ತಿರಕ್ಕೇ ಬರಲಿಲ್ಲ ಪುಣ್ಯಾತ್ಮ, ದೂರದಿಂದಲೇ ಜ್ಯಾಬ್, ಅಂದರೆ ಮುಂದಿನ ಕೈಯಿಂದ ನೇರ ಏಟು, ಹಾಕ್ತಾ ಹನ್ನೆರಡು ಸುತ್ತು ಸುತ್ತಿಸಿದ. ಇವನು ಹಿಂದೆ ಹಿಂದೆ ನಡೆದದ್ದೇ ಬಂತು.

ಹೀಗೆ ಗೆದ್ದು ಬೇಗನೇ ಕಳೆದುಕೊಂಡವರಲ್ಲಿ ಇವನೇ ಮೊದಲಿಗನೂ ಅಲ್ಲ. 1990ರ ಫೆಬ್ರವರಿಯಲ್ಲಿ ಟೋಕಿಯೋದಲ್ಲಿ ಬಸ್ಟರ್ ಡಗ್ಲಸ್ ಮೈಕ್ ಟೈಸನ್‌ನನ್ನ ಕೆಡವಿದ, ಅದೂ ತಾಯಿ ತೀರಿಕೊಂಡು ಒಂದು ತಿಂಗಳೂ ಆಗಿರಲಿಲ್ಲ. ಅದೇ ಅಕ್ಟೋಬರಿನಲ್ಲಿ ಸುಮಾರು 15 ಪೌಂಡ್ ಜಾಸ್ತಿ ತೂಕ ಹೊತ್ತು ಹೋಲಿಫೀಲ್ಡ್ ಎದುರು ಬಂದು ಮೂರನೇ ಸುತ್ತಿಗೇ ಮಲಗಿದ. ಆಮೇಲೆ ಆಟ ಬಿಟ್ಟ, ಊದಿಕೊಂಡ, ಸಕ್ಕರೆ ಕಾಯಿಲೆಯಿಂದ ಕೋಮಾಕ್ಕೂ ಹೋಗಿ ಬಂದ. ಅವನದು ನನಗೆ ಬೇರೆ ಥರ ಕಾಣುತ್ತೆ. ಅಮ್ಮನಿಗೋಸ್ಕರ ಹೊಡೆದವನಿಗೆ ಆಮೇಲೆ ಯಾರಿಗೋಸ್ಕರ ಅಂತ ಗೊತ್ತಾಗಲಿಲ್ಲವೇನೋ.

ಏನು ಮಾಡಬೇಕಿತ್ತು ಅಂತ ರೂಯಿಜ್‌ಗೆ ಗೊತ್ತಿತ್ತು. ಅದಕ್ಕೇ ಜಾಸ್ತಿ ಹೊಟ್ಟೆ ಉರಿಯೋದು. ಮ್ಯಾನಿ ರೋಬಲ್ಸ್ ಅಂತ ಟ್ರೇನರ್ ಇದ್ದರು, ಅವರ ಮಾತೂ ಅಪ್ಪನ ಮಾತೂ ಕೇಳಬೇಕಿತ್ತು, ಕೆಲವೊಮ್ಮೆ ನನ್ನಷ್ಟಕ್ಕೆ ನಾನೇ ಟ್ರೇನಿಂಗ್ ಮಾಡಿಕೊಂಡೆ ಅಂತ ಹೇಳಿದ. ಹೇಳಿ ಕೆಲವೇ ವಾರಕ್ಕೆ ಆ ಟ್ರೇನರನ್ನೇ ಬಿಟ್ಟ. ಅಲ್ಲಿಂದ 2024ರ ಆಗಸ್ಟ್‌ವರೆಗೆ ಆಡಿದ್ದು ಮೂರೇ ಪಂದ್ಯ. ಎರಡು ಗೆದ್ದ. ಮೂರನೆಯದು ಡ್ರಾ, ಅದೂ ಯಾರ ಜೊತೆ ಅಂದೆ? ಅದೇ ಜರೆಲ್ ಮಿಲ್ಲರ್ ಜೊತೆ, ಯಾರ ಜಾಗಕ್ಕೆ ಅವತ್ತು ಇವನು ಬಂದಿದ್ದನೋ ಅವನ ಜೊತೆ.

ನಿನಗೆ ಆ ದೊಡ್ಡ ಕೆಲಸ ಸಿಕ್ಕಿದ್ದು ನನಗೆಷ್ಟು ಖುಷಿ ಅಂತ ಬೇರೆ ಹೇಳಬೇಕಿಲ್ಲ. ಕಾರು ತಗೋ, ಬೇಕಾದ ಬಣ್ಣದ್ದೇ ತಗೋ. ಆದರೆ ನಿನಗೆ ಕೆಲಸ ಕಲಿಸಿದ ಮೇಡಂ ನಿನ್ನೆ ನನಗೆ ಫೋನ್ ಮಾಡಿದ್ದರು. ಎರಡು ತಿಂಗಳಿಂದ ನೀನು ಅವರ ಫೋನೇ ಎತ್ತುತ್ತಿಲ್ಲವಂತೆ. ಬೇಜಾರಾಗೇನೂ ಹೇಳಲಿಲ್ಲ, ಹುಷಾರಾಗಿದ್ದಾಳಾ ಅಂತ ಕೇಳಿದರು ಅಷ್ಟೇ. ಹುಷಾರಾಗಿದ್ದಾಳೆ ಅಂದೆ. ಇವತ್ತು ರಾತ್ರಿ ಒಂಬತ್ತರವರೆಗೂ ಎದ್ದಿರ್ತಾರಂತೆ.

ನಿನ್ನ
ಅಮ್ಮ