ಪಿಯಾನೊ ತರಗತಿ: ಸದಸ್ಯರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ.

ನಮ್ಮ ವಸತಿ ಸಮುಚ್ಚಯದ ಸಭಾಂಗಣದಲ್ಲಿ ಬರುವ ಭಾನುವಾರ ಬೆಳಿಗ್ಗೆ 10 ಗಂಟೆಗೆ ಆರಂಭವಾಗುವ ಪಿಯಾನೊ ತರಗತಿಗೆ ಮಕ್ಕಳಷ್ಟೇ ಅಲ್ಲದೆ ಹಿರಿಯರೂ ಸೇರಬಹುದು.

ಇದರಿಂದೇನು ಪ್ರಯೋಜನವೆಂದು ಹಲವರು ಕೇಳಿದ್ದೀರಿ. ಹಾರ್ಮೋನಿಯಂ ನುಡಿಸುವಾಗ ಒಂದು ಕೈ ತಿದಿ ಒತ್ತುವುದರಲ್ಲೇ ಇರುತ್ತದೆ. ಆದರೆ ಪಿಯಾನೊದ 88 ಕೀಲಿಗಳ ಮೇಲೆ ಎರಡೂ ಕೈಗಳು ಬೇರೆ ಬೇರೆ ಸ್ವರಸಾಲುಗಳನ್ನು ಏಕಕಾಲಕ್ಕೆ ನುಡಿಸಬೇಕಾಗುವುದರಿಂದ ಕಣ್ಣು, ಕಿವಿ, ಬೆರಳುಗಳ ಹೊಂದಾಣಿಕೆಗೆ ಒಳ್ಳೆಯ ಅಭ್ಯಾಸವಾಗುತ್ತದೆ. ಮೇಲಾಗಿ, ಒತ್ತಿದ ಮೊದಲ ದಿನವೇ ಸ್ವರ ಶ್ರುತಿಬದ್ಧವಾಗಿ ಕೇಳಿಸುತ್ತದೆ. ಪಿಟೀಲಿನಲ್ಲಿ ನನಗೆ ಇದಕ್ಕೆ ತಿಂಗಳುಗಳೇ ಹಿಡಿದವು, ನೆರೆಮನೆಯವರು ಸಾಕ್ಷಿ.

ಆಸಕ್ತರು ಶುಕ್ರವಾರದೊಳಗೆ ಹೆಸರು ಮತ್ತು ವಯಸ್ಸನ್ನು ಇಲ್ಲಿಯೇ ತಿಳಿಸಿ. ಉಗುರು ಕತ್ತರಿಸಿಕೊಂಡು ಬರುವುದು ಕಡ್ಡಾಯ. ಮನೆಯಲ್ಲಿ ವಿದ್ಯುತ್ ಕೀಬೋರ್ಡಿನಲ್ಲಿ ಅಭ್ಯಾಸ ಮಾಡುವವರು ರಾತ್ರಿ 9ರ ನಂತರ ದಯವಿಟ್ಟು ಹೆಡ್‌ಫೋನ್ ಬಳಸಬೇಕೆಂದು ಕೋರುತ್ತೇನೆ.